ಮನಸ್ಸು ಕುಗ್ಗಿದಾಗ ಇನ್ನೊಬ್ಬರಿಗೆ ನೆರವಾಗುವುದು: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು

ಮನಸ್ಸು ಕುಗ್ಗಿದಾಗ ನಾವು ಮೊದಲು ಬಾಗಿಲು ಹಾಕಿಕೊಳ್ಳುತ್ತೇವೆ. ಫೋನ್ ಬಂದರೆ ಎತ್ತುವುದಿಲ್ಲ. ಯಾರಾದರೂ ಕರೆದರೆ ‘ಇನ್ನೊಂದು ದಿನ ನೋಡೋಣ’ ಎಂದು ಜಾರಿಕೊಳ್ಳುತ್ತೇವೆ. ಮೊದಲು ನಾನು ಸರಿಹೋಗಬೇಕು, ಬೇರೆಯವರ ವಿಚಾರ ಆಮೇಲೆ ಎಂಬುದು ಆ ಹೊತ್ತಿನ ಲೆಕ್ಕಾಚಾರ. ಅದನ್ನು ತಪ್ಪೆನ್ನಲು ನನಗೆ ಮನಸ್ಸಾಗುವುದಿಲ್ಲ, ಆಗ ನಿಜಕ್ಕೂ ಮೈಯಲ್ಲಿ ಕಸುವಿರುವುದಿಲ್ಲ. ಆದರೆ ಹಾಗೆ ಒಳಗೇ ಕೂತಷ್ಟೂ ಯೋಚನೆ ತನ್ನ ಸುತ್ತಲೇ ಗಿರಕಿ ಹೊಡೆಯುತ್ತದೆ: ನನಗೇ ಯಾಕೆ ಹೀಗೆ, ನನ್ನ ಕೈಲಿ ಏನೂ ಆಗುತ್ತಿಲ್ಲ, ನಾನು ಯಾರಿಗೂ ಬೇಡ. ಈ ಗಿರಕಿಯಿಂದ ಹೊರಬರಲು ಇರುವ ದಾರಿಗಳಲ್ಲಿ ಒಂದು, ಇನ್ನೊಬ್ಬರಿಗೆ ಒಂದು ಸಣ್ಣ ಕೆಲಸ ಮಾಡಿಕೊಡುವುದು.

ಪರೋಪಕಾರ ಮಾಡು ಎಂಬ ಮಾತನ್ನು ಎಲ್ಲರೂ ಚಿಕ್ಕಂದಿನಿಂದ ಕೇಳಿದ್ದೇವೆ. ಕೇಳಿ ಕೇಳಿ ಅದು ಕಿವಿಯಲ್ಲೇ ಉಳಿದುಬಿಟ್ಟಿದೆ. ಹಾಗಾಗಿ ಆ ಉಪದೇಶವನ್ನು ಇನ್ನೊಮ್ಮೆ ಹೇಳುವ ಉದ್ದೇಶ ನನಗಿಲ್ಲ. ನನಗೆ ಮುಖ್ಯವೆನಿಸುವ ಸಂಗತಿ ಬೇರೆ: ಎಲ್ಲ ಸಹಾಯವೂ ಮಾಡಿದವರ ಮನಸ್ಸಿಗೆ ಹಿತ ತರುವುದಿಲ್ಲ. ಕೆಲವು ಬಗೆಯ ನೆರವು ಮನಸ್ಸನ್ನು ಹಗುರ ಮಾಡುತ್ತದೆ, ಕೆಲವು ಹಿಂಡಿ ಹಿಪ್ಪೆ ಮಾಡುತ್ತದೆ. ವ್ಯತ್ಯಾಸ ಎಲ್ಲಿದೆ ಎಂಬುದು ಬಹುಮಟ್ಟಿಗೆ ಗೊತ್ತಾಗಿದೆ. ನೀವಾಗಿಯೇ ಒಪ್ಪಿ ಮಾಡಿದ್ದಾಗಿರಬೇಕು, ಅದು ಯಾರಿಗೆ ತಲುಪಿತು ಎಂದು ಕಣ್ಣಿಗೆ ಕಾಣಬೇಕು, ಆ ವ್ಯಕ್ತಿಯ ಜೊತೆ ನಂಟು ಬೆಳೆಯಬೇಕು. ಈ ಮೂರು ಇದ್ದರೆ ಹತ್ತು ನಿಮಿಷದ ಕೆಲಸವೂ ಸಾಕು. ಮೂರೂ ಇಲ್ಲದಿದ್ದರೆ ದಿನವಿಡೀ ದುಡಿದರೂ ಸಂಜೆಗೆ ಉಳಿಯುವುದು ಸುಸ್ತು ಮಾತ್ರ.

ನಮಗೆ ಯಾವುದರಿಂದ ಖುಷಿ ಎಂಬುದು ನಮಗೇ ಗೊತ್ತಿರುವುದಿಲ್ಲ

ಹೆಜ್ಜೆಗಳಿಗೆ ಹೋಗುವ ಮುನ್ನ ಒಂದು ಪ್ರಯೋಗದ ಬಗ್ಗೆ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಎಲಿಜಬೆತ್ ಡನ್, ಲಾರಾ ಅಕ್ನಿನ್ ಮತ್ತು ಮೈಕೆಲ್ ನಾರ್ಟನ್ ಎಂಬ ಮೂವರು ಸಂಶೋಧಕರು 2008ರಲ್ಲಿ ಇದನ್ನು ಪ್ರಕಟಿಸಿದರು. ಬೆಳಿಗ್ಗೆ ಒಂದಷ್ಟು ಜನರ ಕೈಗೆ ಒಂದೊಂದು ಲಕೋಟೆ ಕೊಟ್ಟರು. ಕೆಲವರ ಲಕೋಟೆಯಲ್ಲಿ 5 ಡಾಲರ್, ಕೆಲವರದರಲ್ಲಿ 20 ಡಾಲರ್. ಸಂಜೆ ಐದರೊಳಗೆ ಖರ್ಚು ಮಾಡಬೇಕು. ಅರ್ಧ ಜನ ತಮಗಾಗಿ ಖರ್ಚು ಮಾಡಬೇಕು, ಉಳಿದರ್ಧ ಜನ ಬೇರೊಬ್ಬರಿಗೆ ಉಡುಗೊರೆ ಕೊಳ್ಳಬೇಕು ಇಲ್ಲವೇ ದಾನ ಕೊಡಬೇಕು. ಸಂಜೆ ವಿಚಾರಿಸಿದಾಗ ಬೇರೆಯವರಿಗಾಗಿ ಖರ್ಚು ಮಾಡಿದವರೇ ಹೆಚ್ಚು ಖುಷಿಯಾಗಿದ್ದರು. ಮೊತ್ತ 5 ಆಗಲಿ 20 ಆಗಲಿ, ಅದರಿಂದ ವ್ಯತ್ಯಾಸವಾಗಲಿಲ್ಲ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಅದರ ಮುಂದಿನ ಭಾಗ. ಪ್ರಯೋಗದಲ್ಲಿ ಇಲ್ಲದ ಬೇರೆ ವಿದ್ಯಾರ್ಥಿಗಳನ್ನು ಕರೆದು, ಈ ನಾಲ್ಕು ಗುಂಪುಗಳಲ್ಲಿ ಯಾರು ಹೆಚ್ಚು ಖುಷಿಯಾಗಿರಬಹುದು ಹೇಳಿ ಎಂದು ಕೇಳಿದರು. ಹೆಚ್ಚಿನವರ ಊಹೆ, ತಮಗಾಗಿ ಖರ್ಚು ಮಾಡಿದವರು. ಅದರಲ್ಲೂ 20 ಡಾಲರ್ ಸಿಕ್ಕವರು. ಎರಡೂ ತಪ್ಪಾಯಿತು. ಬೇಸರದ ದಿನ ಸಹಾಯಕ್ಕೆ ಹೊರಡಲು ಏಕೆ ಮನಸ್ಸೊಪ್ಪುವುದಿಲ್ಲ ಎಂಬುದಕ್ಕೆ ಇಲ್ಲಿ ಅರ್ಧ ಉತ್ತರವಿದೆ. ‘ಇದರಿಂದ ನನಗೇನೂ ಅನ್ನಿಸಲಿಕ್ಕಿಲ್ಲ’ ಎಂದು ಒಳಗಿನ ದನಿ ಹೇಳಿದಾಗ, ಆ ದನಿಯ ಅಂದಾಜು ಈ ವಿಷಯದಲ್ಲಿ ನಂಬಲರ್ಹವಲ್ಲ ಎಂದು ನೆನಪಿಟ್ಟುಕೊಂಡರೆ ಹೊರಡುವುದು ಸ್ವಲ್ಪ ಸುಲಭವಾಗುತ್ತದೆ.

ಹಾಗೆಂದು ಇದನ್ನು ಸಂಜೀವಿನಿ ಎಂದು ಭಾವಿಸಬೇಡಿ. 2018ರಲ್ಲಿ ಆಲಿವರ್ ಸ್ಕಾಟ್ ಕರಿ ಮತ್ತು ಸಂಗಡಿಗರು ಇಂಥ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ದಯೆಯ ಕೆಲಸ ಮಾಡಿದವರಿಗೆ ಪ್ರಯೋಜನ ಇರುವುದು ಹೌದು, ಆದರೆ ಅದು ಸಣ್ಣದರಿಂದ ಮಧ್ಯಮ ಪ್ರಮಾಣದ್ದು ಎಂದು ಕಂಡುಬಂತು. ಅಷ್ಟು ಸಿಕ್ಕರೂ ನನ್ನ ಮಟ್ಟಿಗೆ ದೊಡ್ಡದೇ. ಕುಗ್ಗಿದ ದಿನ ಅಷ್ಟು ಬದಲಾವಣೆಯನ್ನು ತಂದುಕೊಡುವ, ಯಾರ ಅಪ್ಪಣೆಯೂ ಬೇಡದ ಕೆಲಸಗಳು ಎಷ್ಟಿವೆ?

ಹೆಜ್ಜೆ 1: ಒಬ್ಬರ ಹೆಸರು ಬರೆಯಿರಿ

ಸಮಾಜಸೇವೆ ಮಾಡಬೇಕು ಎಂದು ಶುರು ಮಾಡಬೇಡಿ. ಅದು ಎಲ್ಲಿಂದ ಹಿಡಿಯಬೇಕು ಎಂದೇ ತಿಳಿಯದಷ್ಟು ದೊಡ್ಡದು. ಒಂದು ಹಾಳೆ ತೆಗೆದುಕೊಂಡು ನಿಮಗೆ ಮುಖ ಗೊತ್ತಿರುವ ಮೂರು ಜನರ ಹೆಸರು ಬರೆಯಿರಿ. ಹೊಳೆಯದಿದ್ದರೆ ಹೀಗೆ ಹುಡುಕಿ: ಇತ್ತೀಚೆಗೆ ಕಾಯಿಲೆಯಿಂದ ಎದ್ದವರು ಯಾರು? ಮನೆಯವರನ್ನು ಕಳೆದುಕೊಂಡು ತಿಂಗಳುಗಳಾಗಿ, ಬರುವವರೆಲ್ಲ ಬಂದು ಹೋಗಿ, ಈಗ ಒಂಟಿಯಾಗಿರುವವರು ಯಾರು? ಹೊಸದಾಗಿ ಕೆಲಸಕ್ಕೆ ಸೇರಿ ಯಾರ ಪರಿಚಯವೂ ಇಲ್ಲದೆ ಮೂಲೆಯಲ್ಲಿ ಕೂರುವವರು ಯಾರು? ಕೈಗೂಸು ಇಟ್ಟುಕೊಂಡು ನಿದ್ದೆಗೆಟ್ಟವರು ಯಾರು? ನಿಮಗೆ ಮೆಸೇಜ್ ಕಳಿಸಿ ಉತ್ತರ ಸಿಗದೆ ಸುಮ್ಮನಾದವರು ಯಾರು?

ಮೂರರಲ್ಲಿ ಒಂದಕ್ಕೆ ಗುರುತು ಹಾಕಿ. ಒಬ್ಬರೇ ಸಾಕು.

ಹೆಸರು ಏಕೆ ಬೇಕೆಂದರೆ, ಕೊಟ್ಟಿದ್ದು ಎಲ್ಲಿಗೆ ಹೋಯಿತು ಎಂದು ಕಾಣದಿದ್ದರೆ ಸಂತೋಷ ಹುಟ್ಟುವುದು ಕಷ್ಟ. ಡನ್ ಮತ್ತು ಅಕ್ನಿನ್ ಅವರ ಬಳಗ 2013ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಎರಡು ಬಗೆಯ ದಾನವನ್ನು ಹೋಲಿಸಿತ್ತು. ಒಂದು, ಮಕ್ಕಳಿಗಾಗಿ ನೂರೆಂಟು ಕೆಲಸ ಮಾಡುವ ಯುನಿಸೆಫ್‌ಗೆ. ಇನ್ನೊಂದು, ಮಲೇರಿಯಾ ತಡೆಯಲು ಸೊಳ್ಳೆಪರದೆ ಹಂಚುವ ಯೋಜನೆಗೆ. ಇಲ್ಲಿ ನಿಮ್ಮ ಹಣ ಒಂದು ಪರದೆಯಾಗಿ ಯಾರದೋ ಹಾಸಿಗೆಯ ಮೇಲೆ ಇಳಿಯುತ್ತದೆ ಎಂದು ಕಣ್ಣಿಗೆ ಕಟ್ಟುವಂತಿತ್ತು. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಹೆಚ್ಚು ಕೊಟ್ಟಷ್ಟೂ ಹೆಚ್ಚು ಸಂತೋಷ ಎಂಬ ಸಂಬಂಧ ಕಂಡಿದ್ದು ಸೊಳ್ಳೆಪರದೆಗೆ ಕೊಟ್ಟವರಲ್ಲಿ. ಹಣ ಕೊಡುವುದಾದರೂ ಈ ಮಾತು ನೆನಪಿರಲಿ: ಯಾವುದಕ್ಕೆ ಖರ್ಚಾಗುತ್ತದೆ ಎಂದು ಹೇಳುವ ಕಡೆ ಕೊಡಿ, ಏನಾಯಿತು ಎಂದು ಆಮೇಲೆ ವಿಚಾರಿಸಿ.

ಹೆಜ್ಜೆ 2: ಕೆಲಸ, ಹೊತ್ತು, ಎರಡನ್ನೂ ನೀವೇ ಹೇಳಿ

‘ಏನಾದರೂ ಬೇಕಿದ್ದರೆ ಹೇಳಿ’ ಎಂಬ ಮಾತಿನಲ್ಲಿ ಒಳ್ಳೆಯ ಮನಸ್ಸಿದೆ, ಆದರೆ ಅದರಿಂದ ಏನೂ ಆಗುವುದಿಲ್ಲ. ಕಷ್ಟದಲ್ಲಿರುವವರು ಏನು ಬೇಕೆಂದು ಯೋಚಿಸಿ, ಸಂಕೋಚ ಬಿಟ್ಟು, ನಿಮಗೆ ಬಿಡುವಿದೆಯೋ ಇಲ್ಲವೋ ಎಂದು ಅಳೆದು ಫೋನ್ ಮಾಡಬೇಕು. ಆ ಹೊರೆಯನ್ನು ಅವರ ತಲೆಗೆ ಕಟ್ಟಬೇಡಿ. ಬದಲಿಗೆ ಹೀಗೆ ಹೇಳಿ ನೋಡಿ:

‘ಅಕ್ಕಾ, ಗುರುವಾರ ಬೆಳಿಗ್ಗೆ ನಾನು ಆಸ್ಪತ್ರೆ ಕಡೆ ಹೋಗ್ತಿದೀನಿ. ನಿಮ್ಮ ರಕ್ತಪರೀಕ್ಷೆ ರಿಪೋರ್ಟ್ ತಂದುಕೊಡ್ಲಾ? ಚೀಟಿ ಫೋಟೊ ತೆಗೆದು ಕಳಿಸಿದ್ರೆ ಸಾಕು.’

ಇದಕ್ಕೆ ‘ಹೂಂ’ ಅನ್ನುವುದು ಸುಲಭ, ‘ಬೇಡಪ್ಪಾ, ಆಗಲೇ ತಂದಾಯ್ತು’ ಅನ್ನುವುದೂ ಸುಲಭ. ಬೇಡವೆಂದರೆ ಒತ್ತಾಯಿಸಬೇಡಿ, ಬೇಸರವನ್ನೂ ಮಾಡಿಕೊಳ್ಳಬೇಡಿ. ತಮ್ಮನ್ನು ಯಾರೋ ನೆನೆಸಿಕೊಂಡು ಕೇಳಿದರು ಎಂಬುದು ಅವರಿಗೆ ತಲುಪಿರುತ್ತದೆ.

ಇನ್ನು ಕೆಲಸ ಹೇಗಿರಬೇಕು ಎಂಬುದಕ್ಕೆ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ವಯಸ್ಸಾದವರೊಬ್ಬರ ಮೊಬೈಲ್ ತುಂಬಿಹೋಗಿದೆ, ದೂರದಲ್ಲಿರುವ ಮೊಮ್ಮಗಳು ಕಳಿಸಿದ ವಿಡಿಯೊ ತೆರೆಯುತ್ತಿಲ್ಲ. ನೀವು ಫೋನ್ ಕಿತ್ತುಕೊಂಡು ಎರಡು ನಿಮಿಷದಲ್ಲಿ ಸರಿಮಾಡಿ ವಾಪಸ್ ಕೊಡಬಹುದು. ಅದರ ಬದಲು ಪಕ್ಕದಲ್ಲಿ ಕೂತು, ‘ಅಜ್ಜ, ಇಲ್ಲಿ ಒತ್ತಿ, ಹಾಂ, ಹಾಗೇ ಬೆರಳು ಹಿಡ್ಕೊಂಡಿರಿ, ಈಗ ಟಿಕ್ ಗುರುತು ಬಂತಲ್ಲ’ ಎಂದು ಅವರ ಕೈಯಿಂದಲೇ ಮಾಡಿಸಿ. ದಿನವೂ ಬರುವ ಶುಭೋದಯದ ಚಿತ್ರಗಳು ನೂರಾರು ಇರುತ್ತವೆ. ಅಳಿಸುತ್ತಾ ಹೋದ ಹಾಗೆ ನಡುವೆ ಒಂದು ಹಳೆಯ ಫೋಟೊ ಬರುತ್ತದೆ. ‘ಇದು ಬೇಡ, ಇರ್ಲಿ’ ಎನ್ನುತ್ತಾರೆ. ಅದು ಯಾರು, ಯಾವಾಗ ತೆಗೆದದ್ದು ಎಂಬ ಕಥೆ ಶುರುವಾಗುತ್ತದೆ. ಮುಕ್ಕಾಲು ಗಂಟೆ ಕಳೆದ ಮೇಲೆ ವಿಡಿಯೊ ತೆರೆಯುತ್ತದೆ. ಅವರು ಅದನ್ನು ಎರಡು ಸಲ ನೋಡಿ, ಮೂರನೆಯ ಸಲ ನಿಮಗೂ ತೋರಿಸುತ್ತಾರೆ. ಆ ಮುಕ್ಕಾಲು ಗಂಟೆಯಲ್ಲಿ ನಿಮ್ಮ ಸ್ವಂತ ಚಿಂತೆ ನಿಮಗೆ ಎಷ್ಟು ಸಲ ನೆನಪಾಯಿತು ಎಂದು ಮನೆಗೆ ಬಂದಮೇಲೆ ಗಮನಿಸಿ.

ಈ ಉದಾಹರಣೆಯಲ್ಲಿ ಮೂರು ಸಂಗತಿಗಳು ಒಟ್ಟಿಗೆ ನಡೆದಿವೆ. ನಿಮ್ಮ ಗಮನ ನಿಮ್ಮಿಂದ ಆಚೆ ಹೋಯಿತು. ನನಗೂ ಏನೋ ಬರುತ್ತದೆ, ನನ್ನಿಂದಲೂ ಆಗುತ್ತದೆ ಎಂಬುದಕ್ಕೆ ಕೈಯಲ್ಲೇ ಸಾಕ್ಷಿ ಸಿಕ್ಕಿತು. ಮತ್ತೆ ಹೋಗಿ ಮಾತಾಡಿಸಬಹುದಾದ ಒಬ್ಬರು ಸಿಕ್ಕರು. ಒಂಟಿತನಕ್ಕೆ ಮೂರನೆಯದರಷ್ಟು ಒಳ್ಳೆಯ ಮದ್ದು ನನಗೆ ಕಂಡಿಲ್ಲ.

ಅನುಭವಿಸಿದವರೇ ಅನುಭವಿಸುತ್ತಿರುವವರಿಗೆ

ಇದು ಹೆಜ್ಜೆಯಲ್ಲ, ಆದರೆ ಇಲ್ಲಿ ಹೇಳದೆ ಮುಂದೆ ಹೋಗಲಾರೆ. ನೀವು ದಾಟಿ ಬಂದ ಕಷ್ಟವನ್ನೇ ಈಗ ದಾಟುತ್ತಿರುವವರಿಗೆ ನೆರವಾಗುವುದಕ್ಕೆ ವಿಶೇಷ ಶಕ್ತಿಯಿದೆ.

1935ರ ಮೇ ತಿಂಗಳು. ಅಮೆರಿಕದ ಆಕ್ರನ್ ಎಂಬ ಊರಿನ ಹೋಟೆಲೊಂದರ ಲಾಬಿಯಲ್ಲಿ ಬಿಲ್ ವಿಲ್ಸನ್ ಎಂಬಾತ ನಿಂತಿದ್ದ. ಬಂದ ವ್ಯವಹಾರ ಕೈಕೊಟ್ಟಿತ್ತು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಲಾಬಿಯ ಒಂದು ತುದಿಯಲ್ಲಿ ಬಾರ್, ಅಲ್ಲಿಂದ ನಗು, ಮಾತು ಕೇಳಿಬರುತ್ತಿತ್ತು. ಇನ್ನೊಂದು ತುದಿಯಲ್ಲಿ ಟೆಲಿಫೋನ್. ತಾನು ಕುಡಿಯದೆ ಉಳಿಯಬೇಕಾದರೆ ಇನ್ನೊಬ್ಬ ಕುಡುಕನ ಜೊತೆ ಮಾತಾಡಬೇಕು ಎಂದು ಅವನಿಗೆ ಅನ್ನಿಸಿತು. ಫೋನಿನ ಕಡೆ ಹೋಗಿ ಒಬ್ಬರಾದ ಮೇಲೊಬ್ಬರನ್ನು ವಿಚಾರಿಸುತ್ತಾ ಹೋದ. ಕೊನೆಗೆ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರ ಭೇಟಿಯಾಯಿತು. ಅವರೂ ಕುಡಿತದಿಂದ ಕೆಟ್ಟಿದ್ದವರು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂದು ಬಂದ ವೈದ್ಯರು ಗಂಟೆಗಟ್ಟಲೆ ಕೂತರು. ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘಟನೆ ಹುಟ್ಟಿದ್ದು ಹೀಗೆ. ಬಾಬ್ ಕೊನೆಯ ಸಲ ಕುಡಿದ ದಿನವಾದ 1935ರ ಜೂನ್ 10ನ್ನೇ ಆ ಸಂಘಟನೆ ತನ್ನ ಸ್ಥಾಪನೆಯ ದಿನವೆಂದು ಆಚರಿಸುತ್ತದೆ.

ಸಹಾಯ ಪಡೆದವರಿಗಿಂತ ಮಾಡಿದವರಿಗೇ ಹಲವು ಸಲ ಹೆಚ್ಚು ಗುಣವಾಗುತ್ತದೆ ಎಂಬುದನ್ನು 1965ರಲ್ಲಿ ಸಮಾಜವಿಜ್ಞಾನಿ ಫ್ರಾಂಕ್ ರೀಸ್‌ಮನ್ ಒಂದು ತತ್ತ್ವವಾಗಿಯೇ ಮಂಡಿಸಿದರು. ನೀವು ಸಾಲದಿಂದ, ವಿಚ್ಛೇದನದಿಂದ, ಪರೀಕ್ಷೆಯಲ್ಲಿ ಫೇಲಾದ ಅವಮಾನದಿಂದ, ದೀರ್ಘ ಕಾಯಿಲೆಯಿಂದ ಎದ್ದು ಬಂದವರಾಗಿದ್ದರೆ, ಆ ದಾರಿಯ ಪರಿಚಯ ನಿಮಗಿರುವಷ್ಟು ಓದಿ ತಿಳಿದವರಿಗಿರುವುದಿಲ್ಲ. ಆ ಕಷ್ಟದಲ್ಲಿರುವ ಒಬ್ಬರು ಕಂಡರೆ ಬುದ್ಧಿವಾದ ಹೇಳಲು ಹೋಗಬೇಡಿ. ‘ನನಗೂ ಹೀಗೇ ಆಗಿತ್ತು’ ಎಂದು ಒಂದು ಮಾತು ಹೇಳಿ, ಆಮೇಲೆ ಅವರು ಹೇಳುವುದನ್ನು ಕೇಳಿ. ಒಂದು ಎಚ್ಚರಿಕೆ: ನಿಮ್ಮ ಗಾಯ ಇನ್ನೂ ಹಸಿಯಾಗಿದ್ದರೆ ಕಾಯಿರಿ. ಅವರ ಕಥೆ ಕೇಳಿ ರಾತ್ರಿ ನಿಮಗೇ ನಿದ್ದೆ ಬರದಿದ್ದರೆ ಇನ್ನೂ ಹೊತ್ತು ಬಂದಿಲ್ಲ ಎಂದರ್ಥ.

ಹೆಜ್ಜೆ 3: ವಾರದಲ್ಲಿ ಒಂದು ದಿನವನ್ನು ಮೀಸಲಿಡಿ

ದಿನಕ್ಕೊಂದು ಒಳ್ಳೆಯ ಕೆಲಸ ಎಂಬ ನಿಯಮ ಕೇಳಲು ಚೆನ್ನಾಗಿದೆ. ಆದರೆ ಸೋನ್ಯಾ ಲ್ಯುಬೊಮಿರ್‌ಸ್ಕಿ ಮತ್ತು ಸಂಗಡಿಗರು ಆರು ವಾರ ನಡೆಸಿದ ಪ್ರಯೋಗದಲ್ಲಿ ವಾರಕ್ಕೆ ಐದು ದಯೆಯ ಕೆಲಸಗಳನ್ನು ಮಾಡಲು ಹೇಳಿದಾಗ, ಐದನ್ನೂ ಒಂದೇ ದಿನ ಮಾಡಿದವರ ಸಂತೋಷ ಏರಿತು, ವಾರವಿಡೀ ಹಂಚಿಕೊಂಡು ಮಾಡಿದವರದು ಏರಲಿಲ್ಲ. ಚೂರುಚೂರಾಗಿ ಮಾಡಿದ್ದು ದಿನನಿತ್ಯದ ಗಡಿಬಿಡಿಯಲ್ಲಿ ಕರಗಿ, ಮಾಡಿದೆವೆಂಬುದೇ ಗಮನಕ್ಕೆ ಬಾರದೆ ಹೋಗುತ್ತದೆ ಎಂಬುದು ಅವರ ವಿವರಣೆ.

ಹಾಗಾಗಿ ಒಂದು ದಿನ ಗೊತ್ತುಮಾಡಿಕೊಳ್ಳಿ. ಬೆಳಿಗ್ಗೆ ಒಂದು ಫೋನ್ ಕರೆ, ಮಧ್ಯಾಹ್ನ ಸಹೋದ್ಯೋಗಿಯೊಬ್ಬರ ಬಾಕಿ ಕೆಲಸಕ್ಕೆ ಕೈಜೋಡಿಸುವುದು, ಸಂಜೆ ಒಬ್ಬ ಹುಡುಗನಿಗೆ ಗಣಿತ ಹೇಳಿಕೊಡುವುದು, ಬಹಳ ಹಿಂದೆ ನಿಮಗೆ ಉಪಕಾರ ಮಾಡಿದವರಿಗೆ ನಾಲ್ಕು ಸಾಲು ಬರೆಯುವುದು. ಪ್ರತಿ ವಾರ ಅದದೇ ಮಾಡಿದರೆ ಬೇಸರ ಬರುತ್ತದೆ, ಬದಲಾಯಿಸುತ್ತಾ ಇರಿ. ರಾತ್ರಿ ಮಲಗುವ ಮುನ್ನ ಯಾರಿಗೆ ಏನು ಮಾಡಿದೆ, ಅವರ ಮುಖ ಹೇಗಿತ್ತು ಎಂದು ಎರಡು ಸಾಲು ಗುರುತು ಹಾಕಿಕೊಳ್ಳಿ. ಯಾರಿಗೂ ತೋರಿಸಲು ಬೇಡ. ಕುಗ್ಗಿದ ಮನಸ್ಸು ತಾನು ಮಾಡಿದ ಒಳ್ಳೆಯದನ್ನು ಬಹಳ ಬೇಗ ಮರೆಯುತ್ತದೆ, ಬರೆದಿಟ್ಟದ್ದು ಮರೆಯಲು ಬಿಡುವುದಿಲ್ಲ.

ಹೆಜ್ಜೆ 4: ಒಲ್ಲದ ಮನಸ್ಸಿನಿಂದ ಮಾಡಬೇಡಿ

ಈ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ ಎನ್ನುತ್ತೇನೆ.

2007ರಲ್ಲಿ ವಿಲಿಯಂ ಹಾರ್ಬಾ ಮತ್ತು ಸಂಗಡಿಗರು ಜನರಿಗೆ ತಲಾ 100 ಡಾಲರ್ ಕೊಟ್ಟು, ಅದರಲ್ಲಿ ಸ್ವಲ್ಪ ಹಣ ಹಸಿದವರಿಗೆ ಆಹಾರ ಹಂಚುವ ಸಂಸ್ಥೆಗೆ ಹೋಗುವಾಗ ಮಿದುಳಿನಲ್ಲಿ ಏನಾಗುತ್ತದೆ ಎಂದು ಸ್ಕ್ಯಾನ್ ಮಾಡಿ ನೋಡಿದರು. ಕೆಲವು ಸಲ ಹಣವನ್ನು ತೆರಿಗೆಯ ಹಾಗೆ ಕಡ್ಡಾಯವಾಗಿ ಕಳೆಯುತ್ತಿದ್ದರು, ಕೆಲವು ಸಲ ಕೊಡುವುದೂ ಬಿಡುವುದೂ ಅವರ ಇಷ್ಟ. ಕಡ್ಡಾಯವಾದಾಗಲೂ ಸಂತೋಷಕ್ಕೆ ಸಂಬಂಧಿಸಿದ ಭಾಗಗಳು ಚುರುಕಾದವು. ತಾವಾಗಿ ಕೊಟ್ಟಾಗ ಇನ್ನೂ ಹೆಚ್ಚು ಚುರುಕಾದವು. 2010ರಲ್ಲಿ ನೆಟ್ಟಾ ವೈನ್‌ಸ್ಟೀನ್ ಮತ್ತು ರಿಚರ್ಡ್ ರಯಾನ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದರು: ತಾವಾಗಿ ಬಯಸಿ ಸಹಾಯ ಮಾಡಿದವರ ಮನಸ್ಥಿತಿ ಸುಧಾರಿಸಿತು, ಒತ್ತಡಕ್ಕೆ, ಮುಲಾಜಿಗೆ ಮಾಡಿದವರದು ಸುಧಾರಿಸಲಿಲ್ಲ. ಇನ್ನೂ ಒಂದು ವಿಷಯವಿದೆ. ಮನಸಾರೆ ಮಾಡಿದ ಸಹಾಯ ಪಡೆದುಕೊಂಡವರಿಗೂ ಹೆಚ್ಚು ಹಿತವೆನಿಸಿತು. ಗೊಣಗುತ್ತಾ ಮಾಡಿದ್ದು ಎರಡೂ ಕಡೆ ರುಚಿಗೆಡುತ್ತದೆ.

‘ಹೂಂ’ ಅನ್ನುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ನಾನು ಮಾಡಲಿಲ್ಲ ಎಂದು ಯಾರಿಗೂ ಗೊತ್ತಾಗುವುದಿಲ್ಲ ಎಂದಾದರೆ, ಆಗಲೂ ಮಾಡುತ್ತೇನಾ? ಬೇಡವೆನಿಸಿದರೆ ನೀವು ಹೆದರಿಕೆಗೋ ದಾಕ್ಷಿಣ್ಯಕ್ಕೋ ಬಸುರಾಗುತ್ತಿದ್ದೀರಿ. ಬೇಡ ಎನ್ನುವುದನ್ನು ಮೆತ್ತಗೆ, ಆದರೆ ಪೂರ್ತಿಯಾಗಿ ಹೇಳಬಹುದು:

‘ಚಿಕ್ಕಮ್ಮಾ, ಈ ವಾರ ನನ್ನ ಕೈಲಾಗಲ್ಲ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಬರಬಲ್ಲೆ, ಅಷ್ಟು ಸಾಕಾಗತ್ತಾ?’

ಸುಳ್ಳು ನೆಪ ಹೇಳಬೇಡಿ. ಒಂದು ನೆಪ ಇನ್ನೊಂದನ್ನು ಹುಟ್ಟಿಸುತ್ತದೆ, ಆಮೇಲೆ ಅವರ ಮುಖ ನೋಡಲೇ ಹಿಂಜರಿಕೆಯಾಗುತ್ತದೆ.

ಈಗ ಒಂದು ಗುಂಪಿನವರಿಗೆ ನೇರವಾಗಿ ಹೇಳಬೇಕಾದದ್ದಿದೆ. ಮರೆವಿನ ಕಾಯಿಲೆಯ ತಾಯಿಯನ್ನೋ ಹಾಸಿಗೆ ಹಿಡಿದ ಗಂಡನನ್ನೋ ವಿಶೇಷ ಅಗತ್ಯವಿರುವ ಮಗುವನ್ನೋ ಹಗಲೂ ರಾತ್ರಿ ನೋಡಿಕೊಳ್ಳುತ್ತಿರುವವರು ನೀವಾಗಿದ್ದರೆ, ಈ ಹೆಜ್ಜೆಗಳು ನಿಮಗಲ್ಲ. ‘ಸಹಾಯ ಮಾಡಿದರೆ ಖುಷಿಯಾಗುತ್ತದಂತೆ, ನನಗೆ ಯಾಕೆ ಆಗುತ್ತಿಲ್ಲ, ನನ್ನಲ್ಲೇ ಪ್ರೀತಿ ಕಡಿಮೆಯೇ’ ಎಂದು ನೊಂದುಕೊಳ್ಳಬೇಡಿ. ಆಯ್ಕೆಯಿಲ್ಲದ, ಬಿಡುವಿಲ್ಲದ, ಕೊನೆ ಕಾಣದ ಆರೈಕೆ ಬೇರೆಯೇ ಜಾತಿಯದು. ಪ್ರೀತಿ ಎಷ್ಟೇ ಇದ್ದರೂ ಅದು ದೇಹವನ್ನೂ ಮನಸ್ಸನ್ನೂ ಸವೆಸುತ್ತದೆ. ನಿಮಗೆ ಬೇಕಾಗಿರುವುದು ಇನ್ನೊಂದು ಜವಾಬ್ದಾರಿಯಲ್ಲ. ವಾರಕ್ಕೆ ಒಂದೆರಡು ಗಂಟೆ ನಿಮ್ಮ ಜಾಗದಲ್ಲಿ ಕೂರುವ ಇನ್ನೊಬ್ಬರು. ಇದನ್ನು ಓದುತ್ತಿರುವ ಉಳಿದವರು, ಹೆಜ್ಜೆ 1ರಲ್ಲಿ ಯಾರ ಹೆಸರು ಬರೆಯುವುದು ಎಂದು ಇನ್ನೂ ಯೋಚಿಸುತ್ತಿದ್ದರೆ, ಇಂಥವರೊಬ್ಬರ ಹೆಸರು ಬರೆಯಿರಿ.

ನರ್ಸುಗಳು, ಶಿಕ್ಷಕರು, ಸಮಾಜಕಾರ್ಯಕರ್ತರು ಹೀಗೆ ವೃತ್ತಿಯಿಂದಲೇ ಬೇರೆಯವರ ನೋವಿನ ಜೊತೆ ಬದುಕುವವರಿಗೆ ಒಂದು ಮಾತು. ಟಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಅವರ ಅಧ್ಯಯನಗಳಲ್ಲಿ, ಎದುರಿನವರ ನೋವನ್ನು ತಾವೇ ಅನುಭವಿಸುವಂತೆ ತರಬೇತಿ ಪಡೆದವರಲ್ಲಿ ಸಂಕಟ ಹೆಚ್ಚಿತು. ಅದೇ ಜನರಿಗೆ ಆಮೇಲೆ ‘ಇವರಿಗೆ ಒಳ್ಳೆಯದಾಗಲಿ’ ಎಂಬ ಹಾರೈಕೆಯ ಭಾವವನ್ನು ಬೆಳೆಸಿಕೊಳ್ಳಲು ಕಲಿಸಿದಾಗ ಸಂಕಟ ಇಳಿದು ಹಿತವಾದ ಭಾವಗಳು ಏರಿದವು. ಅಳುವವರ ಜೊತೆ ಅಳುವುದೊಂದೇ ಪ್ರೀತಿಯಲ್ಲ. ಅವರ ನೋವನ್ನು ಅವರದೆಂದೇ ನೋಡುತ್ತಾ, ಈಗ ಇವರಿಗೆ ಏನು ಮಾಡಿದರೆ ಸ್ವಲ್ಪ ಹಗುರವಾಗುತ್ತದೆ ಎಂದು ಯೋಚಿಸುವುದೂ ಪ್ರೀತಿಯೇ. ಅದು ಹೆಚ್ಚು ದಿನ ಬಾಳುತ್ತದೆ.

ಹೆಜ್ಜೆ 5: ಎಷ್ಟು ಸಾಕು?

ವಾರಕ್ಕೆ ಸುಮಾರು ಎರಡು ಗಂಟೆ. 2020ರಲ್ಲಿ ಪ್ರಕಟವಾದ, 50 ದಾಟಿದ ಸುಮಾರು 13,000 ಅಮೆರಿಕನ್ನರ ಅಧ್ಯಯನದಲ್ಲಿ, ವರ್ಷಕ್ಕೆ 100 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಸ್ವಯಂಸೇವೆ ಮಾಡುತ್ತಿದ್ದವರಲ್ಲಿ ಸಾವಿನ ಅಪಾಯ ಕಡಿಮೆ ಇತ್ತು, ಬದುಕಿಗೊಂದು ಗುರಿಯಿದೆ ಎಂಬ ಭಾವನೆ ಹೆಚ್ಚಿತ್ತು. ಆರೋಗ್ಯವಾಗಿರುವವರೇ ಸೇವೆಗೆ ಬರುವ ಸಾಧ್ಯತೆಯೂ ಇರುತ್ತದೆ. ಸಂಶೋಧಕರು ಅದನ್ನು ಲೆಕ್ಕಕ್ಕೆ ಹಿಡಿದರೂ ಇಂಥ ಅಧ್ಯಯನದಿಂದ ಕಾರಣ ಯಾವುದು, ಫಲ ಯಾವುದು ಎಂದು ಪೂರ್ತಿ ಬಿಡಿಸಲಾಗದು. ಆದರೂ ಅಳತೆಗೋಲಾಗಿ ಎರಡು ಗಂಟೆ ಒಳ್ಳೆಯದು: ಮನೆ, ಕೆಲಸ ಕೆಡದಷ್ಟು ಕಡಿಮೆ, ಮುಖಪರಿಚಯ ಗೆಳೆತನವಾಗುವಷ್ಟು ಹೆಚ್ಚು.

ಸಂಸ್ಥೆಯೊಂದಕ್ಕೆ ಸೇರುವುದಾದರೆ ಜನರ ಜೊತೆ ಮಾತಾಡುವ ಕೆಲಸವನ್ನೇ ಕೇಳಿ ಪಡೆಯಿರಿ. ಮೂಲೆಯಲ್ಲಿ ಕೂತು ಪಟ್ಟಿ ತಯಾರಿಸುವುದೂ ಸೇವೆಯೇ, ಆದರೆ ಒಂಟಿತನ ಕಾಡುತ್ತಿರುವವರಿಗೆ ಅದರಿಂದ ಸಿಗುವುದು ಕಡಿಮೆ. ಮೊದಲೇ ವರ್ಷಗಟ್ಟಲೆಗೆ ಒಪ್ಪಿಕೊಳ್ಳಬೇಡಿ. ಒಂದು ತಿಂಗಳು ನೋಡುತ್ತೇನೆ ಎಂದು ಹೇಳಿ ಸೇರಿ.

ಹೆಜ್ಜೆ 6: ಪಡೆದುಕೊಳ್ಳುವವರ ಮಾನ ಕಾಯಿರಿ

ನಿಮಗೆ ಹಿತವಾಗಲೆಂದು ಇನ್ನೊಬ್ಬರನ್ನು ಸಣ್ಣವರನ್ನಾಗಿ ಮಾಡುವುದು ಸಲ್ಲದು. ನ್ಯೂಯಾರ್ಕಿನಲ್ಲಿ ವಕೀಲಿ ಪರೀಕ್ಷೆಗೆ ಓದುತ್ತಿದ್ದವರನ್ನೂ ಅವರ ಸಂಗಾತಿಗಳನ್ನೂ ನಿಯಾಲ್ ಬೋಲ್ಗರ್ ತಂಡ ಅಧ್ಯಯನ ಮಾಡಿತು. ಇಬ್ಬರೂ ದಿನಚರಿ ಬರೆಯುತ್ತಿದ್ದರು. ಸಂಗಾತಿ ನೆರವಾಗಿದ್ದರೂ ಓದುತ್ತಿದ್ದವರಿಗೆ ಅದು ನೆರವೆಂದು ಗೊತ್ತೇ ಆಗದ ದಿನಗಳಲ್ಲಿ ಅವರ ಮನಸ್ಸು ಹೆಚ್ಚು ನೆಮ್ಮದಿಯಾಗಿತ್ತು. ನೆರವು ಎದ್ದು ಕಂಡಾಗ ‘ನನ್ನ ಕೈಲಿ ಆಗುತ್ತಿಲ್ಲ’ ಎಂಬ ಭಾವವೂ ಜೊತೆಗೆ ಬರುತ್ತದೆ.

ಆದ್ದರಿಂದ ಮಾಡಿದ್ದನ್ನು ಎತ್ತಿ ಆಡಬೇಡಿ. ಫೋಟೊ ತೆಗೆದು ಹಂಚಬೇಡಿ. ಸಾಧ್ಯವಾದ ಕಡೆ ಅವರಿಂದಲೂ ಏನಾದರೂ ಕೇಳಿ ಪಡೆಯಿರಿ, ಒಂದು ಸಲಹೆಯೋ ಅವರಿಗೆ ಗೊತ್ತಿರುವ ಒಂದು ಕೆಲಸವೋ. ಬರೀ ಪಡೆಯುತ್ತಾ ಕೂರುವುದು ಯಾರಿಗೂ ಇಷ್ಟವಿಲ್ಲ.

ಇಲ್ಲಿ ಒಂದು ಪ್ರಾಮಾಣಿಕ ಅನುಮಾನ ಏಳುತ್ತದೆ. ನನ್ನ ಮನಸ್ಸು ಸರಿಹೋಗಲಿ ಎಂದು ಸಹಾಯ ಮಾಡುವುದು ಸ್ವಾರ್ಥವಲ್ಲವೇ? 2012ರಲ್ಲಿ ಸಾರಾ ಕಾನ್‌ರಾತ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆಯವರ ಒಳಿತಿಗೆಂದು ಸ್ವಯಂಸೇವೆ ಮಾಡಿದ ಹಿರಿಯರು ಹೆಚ್ಚು ಕಾಲ ಬದುಕಿದ್ದರು. ಮುಖ್ಯವಾಗಿ ತಮ್ಮ ಲಾಭಕ್ಕೆಂದು ಮಾಡಿದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ನಾನು ಇದನ್ನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಮನೆಯಿಂದ ಹೊರಡುವಾಗ ಕಾರಣ ಏನೇ ಇರಲಿ, ಅದಕ್ಕೆ ನಾಚಬೇಕಿಲ್ಲ. ಅಲ್ಲಿಗೆ ಹೋದಮೇಲೆ ‘ನನಗೆ ಖುಷಿಯಾಯಿತೇ’ ಎಂದು ಒಳಗೆ ಇಣುಕುತ್ತಾ ಕೂರಬೇಡಿ, ಎದುರಿಗಿರುವವರನ್ನು ನೋಡಿ.

ಖಿನ್ನತೆ, ಆತಂಕ ಇರುವವರಿಗೆ

ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಕ್ರೆಗ್ ಮತ್ತು ಜೆನ್ನಿಫರ್ ಚೀವನ್ಸ್ ಇಂಥ ಲಕ್ಷಣಗಳಿದ್ದ 122 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಎರಡು ದಿನ ದಿನಕ್ಕೆ ಮೂರರಂತೆ ದಯೆಯ ಕೆಲಸ, ಇನ್ನೊಂದಕ್ಕೆ ಜನರ ಜೊತೆ ಬೆರೆಯುವ ಕಾರ್ಯಕ್ರಮ, ಮತ್ತೊಂದಕ್ಕೆ ನಕಾರಾತ್ಮಕ ಯೋಚನೆಗಳನ್ನು ಬರೆದು ತಿದ್ದಿಕೊಳ್ಳುವ ಅಭ್ಯಾಸ. ಐದು ವಾರದಲ್ಲಿ ಮೂರೂ ಗುಂಪಿನವರು ಸುಧಾರಿಸಿದರು. ಆದರೆ ಜನರೊಂದಿಗಿನ ನಂಟು ಹೆಚ್ಚಿಸುವುದರಲ್ಲಿ ದಯೆಯ ಗುಂಪೇ ಮುಂದಿತ್ತು. ಖಿನ್ನತೆಯಲ್ಲಿರುವವರಿಗೆ ಬೇರೆಯವರ ಕೆಲಸ ಹೇಳಿ ಇನ್ನಷ್ಟು ಹೊರೆ ಮಾಡಬಾರದು ಎಂದು ಮನೆಯವರು ಎಲ್ಲ ಕೆಲಸದಿಂದ ದೂರ ಇಡುವುದುಂಟು. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ನಾನು ಬೇಕಾದವನು ಎನಿಸುವ ಒಂದು ಸಣ್ಣ ಅವಕಾಶವೂ ಅದರ ಜೊತೆಗೇ ಹೋಗಿಬಿಡುತ್ತದೆ.

ಇದು ಚಿಕಿತ್ಸೆಗೆ ಬದಲಿಯಲ್ಲ, ಚಿಕಿತ್ಸೆಯ ಜೊತೆಗಿನದು. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ, ಹಸಿವು ಏರುಪೇರಾಗಿದ್ದರೆ ವೈದ್ಯರನ್ನು ಕಾಣಿ. ಸಾಯಬೇಕು ಎಂಬ ಯೋಚನೆ ಬರುತ್ತಿದ್ದರೆ ಎರಡು ವಾರ ಕಾಯುವ ಮಾತೇ ಇಲ್ಲ, ಇವತ್ತೇ ನಂಬಿಕೆಯ ಒಬ್ಬರಿಗೆ ಹೇಳಿ, ಅವರ ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ.

ಹೆಜ್ಜೆ 7: ನೀವೂ ಕೇಳಿ

ಇತರರಿಗೆ ಓಡಾಡುವವರು ಹೆಚ್ಚಾಗಿ ತಮಗಾಗಿ ಬಾಯಿ ಬಿಡುವುದಿಲ್ಲ. ಕೇಳಿದರೆ ಅವರಿಗೆ ತೊಂದರೆ, ಇಲ್ಲ ಅಂದುಬಿಟ್ಟರೆ ಅವಮಾನ ಎಂಬ ಅಳುಕು. 2008ರಲ್ಲಿ ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ ಈ ಅಳುಕನ್ನೇ ಪರೀಕ್ಷಿಸಿದರು. ಐದು ಪ್ರಶ್ನಾವಳಿಗಳನ್ನು ತುಂಬಿಸಿಕೊಂಡು ಬರಲು ಎಷ್ಟು ಅಪರಿಚಿತರನ್ನು ಕೇಳಬೇಕಾದೀತು ಎಂದು ಮೊದಲು ಊಹಿಸಲು ಹೇಳಿದಾಗ ಸರಾಸರಿ ಸುಮಾರು 20 ಎಂದರು. ಹೋಗಿ ಕೇಳಿದಾಗ ಸುಮಾರು 10 ಜನರಲ್ಲೇ ಕೆಲಸ ಮುಗಿಯಿತು. ನಾವು ಅಂದುಕೊಂಡಿದ್ದಕ್ಕಿಂತ ಎರಡು ಪಟ್ಟು ಜನ ಒಪ್ಪುತ್ತಾರೆ.

ಸಹಾಯ ಮಾಡಿದ ದಿನ ನಿಮಗೆ ಏನನ್ನಿಸಿತು ಎಂದು ಈಗ ನಿಮಗೆ ಗೊತ್ತಿದೆ. ಅದೇ ಭಾವ ಇನ್ನೊಬ್ಬರಿಗೂ ಸಿಗಬೇಕಾದರೆ ಯಾರಾದರೂ ಅವರನ್ನು ಕೇಳಬೇಕಲ್ಲ. ಕೇಳುವಾಗಲೂ ಹೆಜ್ಜೆ 2ರ ಕ್ರಮವೇ: ಕೆಲಸ ಯಾವುದು, ಯಾವಾಗ, ಎಷ್ಟು ಹೊತ್ತು ಎಂದು ಬಿಡಿಸಿ ಹೇಳಿ, ಬೇಡ ಅನ್ನಲು ಅವರಿಗೂ ಜಾಗ ಬಿಡಿ. ‘ಅಣ್ಣಾ, ನಾಳೆ ಸಂಜೆ ಅಮ್ಮನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬೇಕು, ಒಬ್ಬನಿಗೆ ಕಷ್ಟ ಆಗ್ತಿದೆ. ಆರು ಗಂಟೆಗೆ ಒಂದು ಗಂಟೆ ಹೊತ್ತು ಬರೋಕಾಗತ್ತಾ? ಆಗದಿದ್ರೂ ಪರವಾಗಿಲ್ಲ, ಬೇರೆ ಯಾರನ್ನಾದ್ರೂ ಕೇಳ್ತೀನಿ.’